ಟಿಸಿಪಿ ದಟ್ಟಣೆಯ ಗಣಿತ ಮಾದರಿ: ಒಂದು ಲಿಂಕಿನಿಂದ ಆರಂಭಿಸಿ ಅಳತೆಗೆ ತಾಳೆಯಾಗುವವರೆಗೆ

ನೆಟ್‌ವರ್ಕ್ ದಟ್ಟಣೆಯ ಮೇಲಿನ ವಿದ್ಯಾರ್ಥಿ ಪ್ರಾಜೆಕ್ಟುಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಲಿಂಕಿನ ಮೇಲೆ ವೇಗ ಅಳೆಯುವ ಐಪರ್ಫ್3 ಸಾಧನವನ್ನು ಓಡಿಸಿದಾಗ 19.1 ಎಂಬಿಪಿಎಸ್ ಕಾಣುತ್ತದೆ. ಅದನ್ನು 20ರಿಂದ ಭಾಗಿಸಿ, ಲಿಂಕಿನ ಹೊರೆ ಸುಮಾರು 0.95 ಎಂದು ತೀರ್ಮಾನಿಸಿ, ಯಾದೃಚ್ಛಿಕವಾಗಿ ಬರುವವರಿಗೆ ಒಬ್ಬನೇ ಸೇವಕನಿರುವ ಸಾಲಿನ ಲೆಕ್ಕವಾದ ಎಂ/ಎಂ/1 ಸರತಿಯ ಸೂತ್ರಕ್ಕೆ ಹಾಕಿದರೆ ಪ್ರತಿ ಪ್ಯಾಕೆಟ್ ಸರತಿಯಲ್ಲಿ ಕಳೆಯುವ ಸಮಯ 12 ಮಿಲಿಸೆಕೆಂಡ್ ಎಂಬ ಉತ್ತರ ಬರುತ್ತದೆ. ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ಓಡುತ್ತ ಹೋಗಿ ಬರುವ ಸಮಯವನ್ನು ಅಳೆಯುವ ಪಿಂಗ್ ಮಾತ್ರ ಖಾಲಿ ಲಿಂಕಿಗಿಂತ 80 ಮಿಲಿಸೆಕೆಂಡ್ ಹೆಚ್ಚು ತೋರಿಸುತ್ತಿರುತ್ತದೆ.

ಇಲ್ಲಿ ಎರಡು ತಪ್ಪುಗಳು ಒಂದರ ಮೇಲೊಂದು ಕುಳಿತಿವೆ. ಮೊದಲನೆಯದಾಗಿ, ಆ ಲಿಂಕಿನ ಹೊರೆ 0.95 ಅಲ್ಲ, ಪ್ರತಿ ಪ್ಯಾಕೆಟ್‌ಗೆ ಅಂಟಿರುವ ವಿಳಾಸದ ಮಾಹಿತಿಯನ್ನು, ಅಂದರೆ ಹೆಡರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಪೂರ್ತಿ ತುಂಬಿದೆ. ಎರಡನೆಯದು ಇನ್ನೂ ಆಳದ್ದು. ಎಂ/ಎಂ/1 ಮಾದರಿಯಲ್ಲಿ ಬರುವವರು ಸಾಲಿನ ಉದ್ದವನ್ನು ಲೆಕ್ಕಿಸದೆ ಬರುತ್ತಲೇ ಇರುತ್ತಾರೆ, ಆದರೆ ದಟ್ಟಣೆ ನೋಡಿ ಕಳುಹಿಸುವ ವೇಗವನ್ನು ಹೊಂದಿಸಿಕೊಳ್ಳುವ ಇಂಟರ್‌ನೆಟ್ ನಿಯಮಾವಳಿಯಾದ ಟಿಸಿಪಿ, ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು ನೋಡಿ ಮನೆಗೆ ಹಿಂದಿರುಗುವ ಗಿರಾಕಿಯಂತೆ ವರ್ತಿಸುತ್ತದೆ. ಆದ್ದರಿಂದ ಆಗಮನ ದರವನ್ನು ನಾವು ಮಾದರಿಗೆ ಕೊಡುವಂತಿಲ್ಲ. ಅದನ್ನು ಮಾದರಿಯೇ ನಮಗೆ ಕೊಡಬೇಕು. ಕೆಳಗಿನ ಹಂತಗಳ ಕ್ರಮ ಈ ಒಂದು ಸಂಗತಿಯಿಂದಲೇ ಹುಟ್ಟಿದೆ, ಹಾಗಾಗಿ ಕ್ರಮವನ್ನು ಬದಲಿಸದೆ ಅನುಸರಿಸುವುದು ಒಳ್ಳೆಯದು.

ಮೊದಲು ಸಿದ್ಧವಿರಬೇಕಾದದ್ದು

ಒಂದು ಲಿನಕ್ಸ್ ಕಂಪ್ಯೂಟರ್ ಸಾಕು. ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳ ನೆರವಿನಿಂದ ಅದರೊಳಗೇ ಕಳುಹಿಸುವ ಯಂತ್ರ, ರೂಟರ್ ಮತ್ತು ಪಡೆಯುವ ಯಂತ್ರ ಎಂದು ಮೂರು ಭಾಗಗಳನ್ನು ಮಾಡಿಕೊಳ್ಳಬಹುದು. ಈ ಕೆಲಸವನ್ನು ಪೈಥಾನ್‌ನಲ್ಲಿ ಸುಲಭವಾಗಿಸುವ ನೆಸ್ಟ್ ಎಂಬ ಮುಕ್ತ ತಂತ್ರಾಂಶವನ್ನು ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಅಭಿವೃದ್ಧಿಪಡಿಸಲಾಗಿದೆ; ನೇಮ್‌ಸ್ಪೇಸ್ ಆದೇಶಗಳನ್ನು ಕೈಯಿಂದ ಬರೆಯುವುದು ಕಷ್ಟವೆನಿಸುವವರು ಅದರಿಂದ ಆರಂಭಿಸಬಹುದು. ಸಂಚಾರ ಉಂಟುಮಾಡಲು ಐಪರ್ಫ್3, ಲಿಂಕಿನ ವೇಗ ಮತ್ತು ವಿಳಂಬ ನಿಗದಿಪಡಿಸಲು ಟಿಸಿ, ಟಿಸಿಪಿ ವಿಂಡೋವನ್ನು (ಒಪ್ಪಿಗೆಗೆ ಕಾಯದೆ ಒಮ್ಮೆಗೆ ಕಳುಹಿಸಬಹುದಾದ ಪ್ಯಾಕೆಟ್‌ಗಳ ಮಿತಿಯನ್ನು) ನೋಡಲು ಎಸ್‌ಎಸ್, ಪ್ಯಾಕೆಟ್‌ಗಳನ್ನು ದಾಖಲಿಸಲು ಟಿಸಿಪಿಡಂಪ್, ಲೆಕ್ಕಕ್ಕೆ ನಂಪೈ ಇರುವ ಪೈಥಾನ್ ಬೇಕು. ಸಿಮ್ಯುಲೇಶನ್ ಮಾಡುವುದಾದರೆ ಎನ್‌ಎಸ್-3 ಇರಲಿ, ಆದರೆ ಅದರ ಸರದಿ ಕೊನೆಯದು.

ವೈಫೈ ಮೇಲೆ ಮೊದಲ ಪ್ರಯೋಗ ಮಾಡಬೇಡಿ. ಅಲ್ಲಿ ಲಿಂಕಿನ ವೇಗವೇ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಮಾದರಿ ತಪ್ಪಿತೋ ರೇಡಿಯೊ ತಪ್ಪಿತೋ ಎಂದು ಬಿಡಿಸಿ ಹೇಳಲಾಗದು.

ಹಂತ 1: ಪ್ರಶ್ನೆಯ ಕಾಲಮಾನವನ್ನು ನಿಗದಿಪಡಿಸಿ

ಸೂತ್ರ ಹುಡುಕುವ ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು, ಅದರ ಉತ್ತರ ಎಷ್ಟು ಹೊತ್ತಿನಲ್ಲಿ ಬದಲಾಗುತ್ತದೆ ಎಂದು ಕೇಳಿಕೊಳ್ಳಿ. ಕರೆಗಳು ಅಥವಾ ಸೆಷನ್‌ಗಳು ನಿಮಿಷಗಳ ಮಟ್ಟದಲ್ಲಿ ಬಂದು ಹೋಗುತ್ತವೆ; ಟಿಸಿಪಿ ವಿಂಡೋ ಮಿಲಿಸೆಕೆಂಡ್‌ಗಳಿಂದ ಸೆಕೆಂಡುಗಳ ಮಟ್ಟದಲ್ಲಿ ಏರಿಳಿಯುತ್ತದೆ; ಬಿಡಿ ಪ್ಯಾಕೆಟ್‌ಗಳು ಮಿಲಿಸೆಕೆಂಡಿನ ಒಳಗೇ ಒಂದರ ಹಿಂದೊಂದು ಬರುತ್ತವೆ. ಮೂರಕ್ಕೂ ಬೇರೆ ಬೇರೆ ಮಾದರಿಗಳಿವೆ, ಮತ್ತು ಒಂದರ ಮಾದರಿಯನ್ನು ಇನ್ನೊಂದಕ್ಕೆ ತೊಡಿಸುವುದೇ ಹೆಚ್ಚಿನ ಗೊಂದಲಗಳಿಗೆ ಮೂಲ.

ಲೈನ್ ಖಾಲಿ ಇಲ್ಲದಿದ್ದರೆ ಕರೆ ತಿರಸ್ಕೃತವಾಗುವ ವ್ಯವಸ್ಥೆಯಾದರೆ ಎರ್ಲಾಂಗ್ ಬಿ ಸೂತ್ರ ಇಂದಿಗೂ ಸರಿಯಾದ ಸಾಧನ. 10 ಎರ್ಲಾಂಗ್ ಹೊರೆಗೆ, ಅಂದರೆ ಸರಾಸರಿ 10 ಏಕಕಾಲದ ಕರೆಗಳಷ್ಟು ಬೇಡಿಕೆಗೆ, 15 ಲೈನ್‌ಗಳಿದ್ದರೆ ಶೇ. 3.65ರಷ್ಟು ಕರೆಗಳು ತಿರಸ್ಕೃತವಾಗುತ್ತವೆ. ಇದನ್ನು ಫ್ಯಾಕ್ಟೋರಿಯಲ್‌ಗಳಿಂದ ಲೆಕ್ಕಿಸಲು ಹೋದರೆ 170 ಲೈನ್ ದಾಟುತ್ತಲೇ ಕಂಪ್ಯೂಟರಿನ ಸಂಖ್ಯಾಮಿತಿ ಮೀರುತ್ತದೆ. ಅದರ ಬದಲು ಶೂನ್ಯ ಲೈನಿಗೆ ತಿರಸ್ಕಾರ 1 ಎಂದು ಆರಂಭಿಸಿ, ಹಿಂದಿನ ತಿರಸ್ಕಾರವನ್ನು ಹೊರೆಯಿಂದ ಗುಣಿಸಿ, ಆ ಗುಣಲಬ್ಧವನ್ನು ಅದಕ್ಕೇ ಲೈನ್ ಸಂಖ್ಯೆ ಕೂಡಿಸಿ ಬಂದ ಮೊತ್ತದಿಂದ ಭಾಗಿಸುತ್ತ ಒಂದೊಂದೇ ಲೈನ್ ಮುಂದಕ್ಕೆ ಹೋಗಿ.

ಈ ಲೇಖನದ ಉಳಿದ ಭಾಗ ಎರಡನೆಯ ಕಾಲಮಾನದ್ದು, ಅಂದರೆ ಟಿಸಿಪಿ ಫ್ಲೋಗಳು (ಒಂದೊಂದು ಸಂಪರ್ಕದ ದತ್ತಾಂಶ ಹರಿವುಗಳು) ಒಂದು ಬಾಟಲ್‌ನೆಕ್ ಲಿಂಕನ್ನು (ದಾರಿಯ ಅತಿ ನಿಧಾನದ ಲಿಂಕನ್ನು) ಹಂಚಿಕೊಳ್ಳುವ ಸಂದರ್ಭದ್ದು.

ಹಂತ 2: ಬಾಟಲ್‌ನೆಕ್ ಲಿಂಕನ್ನು ನೀವೇ ಕಟ್ಟಿ

ಗೊತ್ತಿಲ್ಲದ ಲಿಂಕಿಗೆ ಮಾದರಿ ಬರೆಯುವುದು ವ್ಯರ್ಥ ಶ್ರಮ. ರೂಟರ್ ನೇಮ್‌ಸ್ಪೇಸ್‌ನಲ್ಲಿ, ದತ್ತಾಂಶ ಹೊರಡುವ ಕಡೆಯ ಇಂಟರ್‌ಫೇಸ್ ಮೇಲೆ, ವೇಗಕ್ಕೆ ಮಿತಿ ಹಾಕುವ ಟಿಸಿಯ ಭಾಗವಾದ ಟಿಬಿಎಫ್ ಬಳಸಿ 20 ಎಂಬಿಪಿಎಸ್ ಮಿತಿ ಹಾಕಿ. ಒಪ್ಪಿಗೆ ಪ್ಯಾಕೆಟ್‌ಗಳು, ಅಂದರೆ ಆ್ಯಕ್‌ಗಳು, ಹಿಂದಿರುಗುವ ಕಡೆಯ ಇಂಟರ್‌ಫೇಸ್ ಮೇಲೆ, ವಿಳಂಬ ಉಂಟುಮಾಡುವ ಟಿಸಿಯ ಭಾಗವಾದ ನೆಟೆಮ್ ಬಳಸಿ 40 ಮಿಲಿಸೆಕೆಂಡ್ ವಿಳಂಬ ಸೇರಿಸಿ. ವೇಗದ ಮಿತಿ ಒಂದು ದಿಕ್ಕಿನಲ್ಲಿ, ವಿಳಂಬ ಇನ್ನೊಂದು ದಿಕ್ಕಿನಲ್ಲಿ ಇದ್ದರೆ ಎರಡೂ ಒಂದರ ಬಫರನ್ನು (ಪ್ಯಾಕೆಟ್‌ಗಳು ಕಾಯುವ ಜಾಗವನ್ನು) ಇನ್ನೊಂದು ಕೆಡಿಸುವುದಿಲ್ಲ. ಕಳುಹಿಸುವ ಯಂತ್ರದ ಮೇಲೆಯೇ ನೆಟೆಮ್ ಹಾಕಬೇಡಿ. ಅಲ್ಲಿ ಟಿಸಿಪಿ ತನ್ನದೇ ಯಂತ್ರದ ಸರತಿಯನ್ನು ಗಮನಿಸಿ ಸುಧಾರಿಸಿಕೊಳ್ಳುವುದರಿಂದ ಫಲಿತಾಂಶ ನಿಜವಾದ ದೂರದ ಲಿಂಕಿನಂತೆ ಇರುವುದಿಲ್ಲ.

ಬಫರಿನ ಗಾತ್ರವನ್ನು ಬಾಯಿಬಿಟ್ಟು ಹೇಳಿ. ನಮ್ಮ ಉದಾಹರಣೆಗೆ 200 ಪ್ಯಾಕೆಟ್ ಇರಲಿ. ಟಿಬಿಎಫ್ ಇದನ್ನು ಬೈಟ್‌ಗಳಲ್ಲಿ ಕೇಳುತ್ತದೆ, ಮತ್ತು 1500 ಬೈಟ್‌ನ ಪ್ಯಾಕೆಟನ್ನು ಈಥರ್ನೆಟ್ ಹೆಡರ್ ಸೇರಿಸಿ 1514 ಎಂದು ಎಣಿಸುತ್ತದೆ. ಆದ್ದರಿಂದ ಮಿತಿ 302800 ಬೈಟ್. ಆರಂಭದಲ್ಲಿ ಹೇಳಿದ 19.1 ಎಂಬಿಪಿಎಸ್ ಬಂದದ್ದೂ ಇಲ್ಲಿಂದಲೇ: ಪ್ರತಿ 1514 ಬೈಟ್‌ನಲ್ಲಿ ಐಪರ್ಫ್3 ಎಣಿಸುವ ನಿಜವಾದ ದತ್ತಾಂಶ 1448 ಬೈಟ್ ಮಾತ್ರ. ಟಿಬಿಎಫ್‌ನ ಬರ್ಸ್ಟ್ ಗಾತ್ರವನ್ನು ಕೆಲವೇ ಪ್ಯಾಕೆಟ್‌ಗಳಷ್ಟು ಚಿಕ್ಕದಾಗಿ ಇಡಿ. ದೊಡ್ಡದಾಗಿಟ್ಟರೆ ಅಷ್ಟು ಪ್ಯಾಕೆಟ್‌ಗಳು ಯಾವ ಮಿತಿಯೂ ಇಲ್ಲದಂತೆ ಒಮ್ಮೆಲೇ ನುಗ್ಗುತ್ತವೆ.

ಮುಂದೆ ಹೋಗುವ ಮುನ್ನ ನಾಲ್ಕು ಸಂಗತಿಗಳನ್ನು ಪರಿಶೀಲಿಸಿ. ಹಲವು ಪ್ಯಾಕೆಟ್‌ಗಳನ್ನು ಒಂದಾಗಿ ಸೇರಿಸುವ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಸೌಲಭ್ಯಗಳನ್ನು ಎತ್‌ಟೂಲ್ ಆದೇಶದ ಮೂಲಕ ಎಲ್ಲ ಇಂಟರ್‌ಫೇಸ್‌ಗಳಲ್ಲೂ ನಿಲ್ಲಿಸಿ. ಟಿಸಿಪಿಡಂಪ್‌ನಲ್ಲಿ ಹತ್ತಾರು ಸಾವಿರ ಬೈಟ್‌ಗಳ 'ಪ್ಯಾಕೆಟ್' ಕಂಡರೆ ಇವುಗಳಲ್ಲಿ ಯಾವುದೋ ಒಂದು ಇನ್ನೂ ಚಾಲೂ ಇದೆ ಎಂದರ್ಥ. ದಟ್ಟಣೆ ನಿಯಂತ್ರಣದ ಕ್ರಮಾವಳಿಯನ್ನು ರೆನೋ ಎಂದು ಬದಲಿಸಿ, ಏಕೆಂದರೆ ಲಿನಕ್ಸ್ 2006ರಿಂದ ಕ್ಯೂಬಿಕ್ ಅನ್ನೇ ಪೂರ್ವನಿಯೋಜಿತವಾಗಿ ಬಳಸುತ್ತದೆ ಮತ್ತು ಪಠ್ಯಪುಸ್ತಕದ ಸೂತ್ರಗಳು ಬಹುತೇಕ ರೆನೋಗೆ ಬರೆದವು. ಸರತಿ ಎಫ್‌ಕ್ಯೂ-ಕೋಡೆಲ್ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಲವು ಲಿನಕ್ಸ್ ವಿತರಣೆಗಳಲ್ಲಿ ಅದೇ ಮೊದಲಿನಿಂದ ಇರುತ್ತದೆ, ಮತ್ತು ಕೋಡೆಲ್ ಸರತಿಯ ವಿಳಂಬವನ್ನು 5 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಹಿಡಿದಿಡಲು ನೋಡುವುದರಿಂದ ನಿಮ್ಮ ಬಫರ್ ಎಂದೂ ತುಂಬುವುದೇ ಇಲ್ಲ. ಕೊನೆಯದಾಗಿ, ನೆಟೆಮ್ ತಾನಾಗಿ 1000 ಪ್ಯಾಕೆಟ್‌ಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ 20 ಎಂಬಿಪಿಎಸ್‌ಗೆ ಅದು ಧಾರಾಳ, ಆದರೆ 1 ಗಿಗಾಬಿಟ್ ವೇಗದ ದತ್ತಾಂಶವನ್ನು 100 ಮಿಲಿಸೆಕೆಂಡ್ ತಡೆಯಬೇಕಾದರೆ ದಾರಿಯಲ್ಲೇ 8333 ಪ್ಯಾಕೆಟ್‌ಗಳು ಇರಬೇಕಾಗುತ್ತದೆ. ಉಳಿದವನ್ನು ನೆಟೆಮ್ ಸದ್ದಿಲ್ಲದೆ ಬೀಳಿಸುತ್ತದೆ, ನೀವು ಅದನ್ನು ದಟ್ಟಣೆಯ ನಷ್ಟವೆಂದು ಎಣಿಸುತ್ತೀರಿ.

ಹಂತ 3: ಎಲ್ಲವನ್ನೂ ಪ್ಯಾಕೆಟ್ ಮತ್ತು ಸೆಕೆಂಡಿಗೆ ಇಳಿಸಿ

ಬಿಟ್, ಬೈಟ್, ಮಿಲಿಸೆಕೆಂಡ್‌ಗಳನ್ನು ಬೆರೆಸಿದ ಲೆಕ್ಕದಲ್ಲಿ 8ರ ಅಥವಾ 1000ದ ತಪ್ಪು ನುಸುಳದೆ ಇರುವುದು ಅಪರೂಪ. ಆದ್ದರಿಂದ ಆರಂಭದಲ್ಲೇ ಪರಿವರ್ತಿಸಿ. ಕೈಲೆಕ್ಕ ಸುಲಭವಾಗಲೆಂದು ಪ್ಯಾಕೆಟ್ 1500 ಬೈಟ್ ಎಂದೇ ಇಟ್ಟುಕೊಳ್ಳೋಣ. ಈ ಸರಳೀಕರಣದಿಂದಾಗುವ ವ್ಯತ್ಯಾಸ ಶೇ. 1ರಷ್ಟು.

20 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 1667 ಪ್ಯಾಕೆಟ್, ಅಂದರೆ ಒಂದು ಪ್ಯಾಕೆಟ್ ಹೊರಹೋಗಲು 0.6 ಮಿಲಿಸೆಕೆಂಡ್. ಖಾಲಿ ಲಿಂಕಿನಲ್ಲಿ ಹೋಗಿ ಬರುವ ಸಮಯ 40 ಮಿಲಿಸೆಕೆಂಡ್ ಆದ್ದರಿಂದ ದಾರಿಯಲ್ಲಿ ಹಿಡಿಯುವ ಪ್ಯಾಕೆಟ್‌ಗಳು 1667 × 0.04, ಅಂದರೆ ಸುಮಾರು 67. ಇದು ವೇಗ ಮತ್ತು ವಿಳಂಬದ ಗುಣಲಬ್ಧ. 200 ಪ್ಯಾಕೆಟ್‌ಗಳ ಬಫರ್ ತುಂಬಿದಾಗ ಅದೊಂದೇ 120 ಮಿಲಿಸೆಕೆಂಡ್ ಸೇರಿಸುತ್ತದೆ. ಒಟ್ಟಿನಲ್ಲಿ ಈ ವ್ಯವಸ್ಥೆಯೊಳಗೆ ಏಕಕಾಲಕ್ಕೆ ಇರಬಹುದಾದ ಪ್ಯಾಕೆಟ್‌ಗಳು 267. ಈ ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದು ಎದುರಿಗೆ ಇಟ್ಟುಕೊಳ್ಳಿ; ಮುಂದಿನ ಪ್ರತಿ ಉತ್ತರವನ್ನೂ ಇವುಗಳೊಂದಿಗೆ ಹೋಲಿಸಬೇಕಾಗುತ್ತದೆ.

ಹಂತ 4: ಒಂದೇ ಫ್ಲೋನ ಗರಗಸದ ಹಲ್ಲನ್ನು ಕೈಲೆಕ್ಕದಲ್ಲಿ ಬಿಡಿಸಿ

ಈ ಹಂತವನ್ನು ಬಿಟ್ಟು ಮುಂದೆ ಹೋದವರೇ ಕೊನೆಯಲ್ಲಿ ಹಿಂದಿರುಗಿ ಬರುವುದರಿಂದ ಇಲ್ಲಿ ನಿಧಾನಿಸುವುದು ಲೇಸು.

ರೆನೋ ಒಂದು ಸುತ್ತಿಗೆ, ಅಂದರೆ ಒಮ್ಮೆ ಹೋಗಿ ಬರುವ ಸಮಯಕ್ಕೆ, ವಿಂಡೋವನ್ನು ಒಂದು ಪ್ಯಾಕೆಟ್‌ನಷ್ಟು ಹಿಗ್ಗಿಸುತ್ತದೆ ಮತ್ತು ನಷ್ಟ ಕಂಡಾಗ ಅರ್ಧಕ್ಕೆ ಇಳಿಸುತ್ತದೆ. ನಮ್ಮ ಲಿಂಕಿನಲ್ಲಿ ವಿಂಡೋ 267 ಮುಟ್ಟಿದಾಗ ಬಫರ್ ಉಕ್ಕಿ ನಷ್ಟವಾಗುತ್ತದೆ, ವಿಂಡೋ 133ಕ್ಕೆ ಇಳಿಯುತ್ತದೆ. ದಾರಿ ತುಂಬಲು 67 ಸಾಕಾದ್ದರಿಂದ ಅರ್ಧವಾದ ಮೇಲೂ 66 ಪ್ಯಾಕೆಟ್‌ಗಳು ಸರತಿಯಲ್ಲೇ ಉಳಿಯುತ್ತವೆ. ಎಂದರೆ ಸರತಿ ಎಂದೂ ಖಾಲಿಯಾಗುವುದಿಲ್ಲ, ಲಿಂಕ್ ಎಂದೂ ಬಿಡುವಾಗುವುದಿಲ್ಲ, ಮತ್ತು ಹೋಗಿ ಬರುವ ಸಮಯ 80ರಿಂದ 160 ಮಿಲಿಸೆಕೆಂಡಿನ ನಡುವೆ ತೂಗಾಡುತ್ತದೆ.

ಈಗ ಏರಿಕೆಗೆ ಎಷ್ಟು ಹೊತ್ತು ಬೇಕು ಎಂದು ನೋಡೋಣ. ಸರತಿ ಖಾಲಿಯಾಗದಿರುವಾಗ ಹೋಗಿ ಬರುವ ಸಮಯವು ವಿಂಡೋವನ್ನು ಲಿಂಕ್ ವೇಗದಿಂದ ಭಾಗಿಸಿದಷ್ಟು. ಹಾಗಾಗಿ ವಿಂಡೋ ಬೆಳೆಯುವ ದರವು ಲಿಂಕ್ ವೇಗವನ್ನು ವಿಂಡೋದಿಂದ ಭಾಗಿಸಿದಷ್ಟಾಗುತ್ತದೆ, ಮತ್ತು ಇದನ್ನು ಸಮಾಕಲನ ಮಾಡಿದರೆ ವಿಂಡೋದ ವರ್ಗವು ಸಮಯದೊಂದಿಗೆ ಸರಳರೇಖೆಯಲ್ಲಿ ಏರುತ್ತದೆ ಎಂದು ಸಿಗುತ್ತದೆ. 267ರ ವರ್ಗದಿಂದ 133ರ ವರ್ಗವನ್ನು ಕಳೆದು, 1667ರ ಎರಡರಷ್ಟರಿಂದ ಭಾಗಿಸಿದರೆ ಒಂದು ಹಲ್ಲಿನ, ಅಂದರೆ ಒಂದು ಏರಿಕೆ ಮತ್ತು ಇಳಿಕೆಯ, ಅವಧಿ 16 ಸೆಕೆಂಡ್. ಆ ಅವಧಿಯಲ್ಲಿ ಸುಮಾರು 26,700 ಪ್ಯಾಕೆಟ್‌ಗಳು ಹೋಗಿ ಒಂದೇ ಒಂದು ಬೀಳುವುದರಿಂದ ನಷ್ಟದ ಪ್ರಮಾಣ 0.0000375. ಸಮಯದ ತೂಕದೊಂದಿಗೆ ತೆಗೆದ ಸರಾಸರಿ ವಿಂಡೋ ಗರಿಷ್ಠ ವಿಂಡೋದ ಒಂಬತ್ತರಲ್ಲಿ ಏಳು ಭಾಗ, ಅಂದರೆ 207. ಸರಾಸರಿ ಸರತಿ 141 ಪ್ಯಾಕೆಟ್, ಅಂದರೆ 84 ಮಿಲಿಸೆಕೆಂಡ್. ಪಿಂಗ್ ತೋರಿಸುತ್ತಿದ್ದ ಹೆಚ್ಚುವರಿ ವಿಳಂಬ ಇದೇ.

ಇದನ್ನು ಎಂ/ಎಂ/1 ಉತ್ತರದ ಪಕ್ಕದಲ್ಲಿ ಇಟ್ಟು ನೋಡಿ. ಹೊರೆ 0.95 ಎಂದರೆ 12, 0.99 ಎಂದರೆ 60, 0.995 ಎಂದರೆ 120 ಮಿಲಿಸೆಕೆಂಡ್. ಅಳತೆಯಲ್ಲಿನ ಅರ್ಧ ಶೇಕಡಾ ತಪ್ಪು ಉತ್ತರವನ್ನು ದುಪ್ಪಟ್ಟು ಮಾಡುವ ಸೂತ್ರದಿಂದ ಬೇಕಾದ ಉತ್ತರ ಹೊರಡಿಸಬಹುದು. ಎಂ/ಎಂ/1ನಲ್ಲಿ ಬಫರಿನ ಗಾತ್ರಕ್ಕೆ ಜಾಗವೇ ಇಲ್ಲ, ಆದರೆ ಇಲ್ಲಿ ವಿಳಂಬವನ್ನು ನಿರ್ಧರಿಸುತ್ತಿರುವುದೇ ಬಫರ್.

ತಾಳೆ ನೋಡಲು ಎಸ್‌ಎಸ್ ಆದೇಶವನ್ನು 100 ಮಿಲಿಸೆಕೆಂಡಿಗೊಮ್ಮೆ ಓಡಿಸಿ, ವಿಂಡೋ ಮತ್ತು ಹೋಗಿ ಬರುವ ಸಮಯವನ್ನು ಕಡತಕ್ಕೆ ಬರೆದು ನಕ್ಷೆ ಮಾಡಿ. ಗರಗಸದ ಹಲ್ಲುಗಳು ಸ್ಪಷ್ಟವಾಗಿ ಕಾಣಬೇಕು, ಮತ್ತು ಅವುಗಳ ಏರುಮುಖ ನೇರವಾಗಿರದೆ ಮೇಲ್ತುದಿಯಲ್ಲಿ ತುಸು ಬಾಗಿರಬೇಕು. ಹಲ್ಲು 0.7ರಷ್ಟಕ್ಕೆ ಮಾತ್ರ ಇಳಿಯುತ್ತಿದ್ದರೆ ನೀವು ಇನ್ನೂ ಕ್ಯೂಬಿಕ್‌ನಲ್ಲೇ ಇದ್ದೀರಿ. ಆರಂಭದ ದೊಡ್ಡ ಏರಿಳಿತ ನಿಧಾನಾರಂಭದ್ದು, ಅಂದರೆ ಟಿಸಿಪಿ ವಿಂಡೋವನ್ನು ಪ್ರತಿ ಸುತ್ತಿಗೂ ಇಮ್ಮಡಿಗೊಳಿಸುವ ಆರಂಭದ ಘಟ್ಟದ್ದು. ಅದನ್ನು ಲೆಕ್ಕದಿಂದ ಹೊರಗಿಡಿ. ಅವಧಿ 16 ಸೆಕೆಂಡ್ ಆದ್ದರಿಂದ 10 ಸೆಕೆಂಡಿನ ಐಪರ್ಫ್3 ಓಟದಿಂದ ಏನನ್ನೂ ಹೇಳಲಾಗದು, ಮತ್ತು ಆ ಸಾಧನದ ಪೂರ್ವನಿಯೋಜಿತ ಅವಧಿ ನಿಖರವಾಗಿ ಅಷ್ಟೇ ಎಂಬುದನ್ನು ಮರೆಯಬೇಡಿ. 300 ಸೆಕೆಂಡ್ ಓಡಿಸಿ.

ಹಂತ 5: ವರ್ಗಮೂಲ ಸೂತ್ರಕ್ಕೆ ಸರಿಯಾದ ಸಮಯವನ್ನು ಕೊಡಿ

1997ರಲ್ಲಿ ಪ್ರಕಟವಾದ ಪ್ರಸಿದ್ಧ ಸೂತ್ರದ ಪ್ರಕಾರ ರೆನೋದ ಸರಾಸರಿ ವಿಂಡೋ 1.22ನ್ನು ನಷ್ಟದ ಪ್ರಮಾಣದ ವರ್ಗಮೂಲದಿಂದ ಭಾಗಿಸಿದಷ್ಟು. ಅದನ್ನು ಹೋಗಿ ಬರುವ ಸಮಯದಿಂದ ಭಾಗಿಸಿದರೆ ವೇಗ. ನಮ್ಮ 0.0000375 ಹಾಕಿದರೆ ವಿಂಡೋ 200. ಸರತಿಯ ಸಹಿತ ಸರಾಸರಿ ಸಮಯವಾದ 124 ಮಿಲಿಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1610 ಪ್ಯಾಕೆಟ್, ನಿಜವಾದ 1667ಕ್ಕೆ ಬಲು ಹತ್ತಿರ.

ಹೆಚ್ಚಿನವರು ಇಲ್ಲಿ ಖಾಲಿ ಲಿಂಕಿನ 40 ಮಿಲಿಸೆಕೆಂಡನ್ನು ಹಾಕುತ್ತಾರೆ. ಆಗ ಸೆಕೆಂಡಿಗೆ 5000 ಪ್ಯಾಕೆಟ್, ಅಂದರೆ 20 ಎಂಬಿಪಿಎಸ್ ಲಿಂಕಿನಲ್ಲಿ 60 ಎಂಬಿಪಿಎಸ್ ಎಂಬ ಅಸಂಬದ್ಧ ಉತ್ತರ ಸಿಗುತ್ತದೆ. ಲಿಂಕಿನ ಸಾಮರ್ಥ್ಯ ಮೀರಿದ ವೇಗ ಎಲ್ಲಿ ಕಂಡರೂ ಮೊದಲು ನೋಡಬೇಕಾದದ್ದು ಹೋಗಿ ಬರುವ ಸಮಯವನ್ನು. ಇನ್ನೊಂದು ಮಾತು: ಈ ಸೂತ್ರ ಕಾರಣವನ್ನು ಹೇಳುವುದಿಲ್ಲ, ನಷ್ಟ ಮತ್ತು ವೇಗದ ಸಂಬಂಧವನ್ನಷ್ಟೇ ಹೇಳುತ್ತದೆ. ನಷ್ಟವನ್ನು ಅಳೆದು ವೇಗ ಊಹಿಸಬಹುದು, ಆದರೆ ತುಂಬಿದ ಬಫರಿನ ಲಿಂಕಿನಲ್ಲಿ ನಷ್ಟವನ್ನು ಹುಟ್ಟಿಸುವುದೇ ಆ ವೇಗವಾದ್ದರಿಂದ ಅಲ್ಲಿ ಇದು ಭವಿಷ್ಯವಾಣಿಯಲ್ಲ, ಪರೀಕ್ಷೆ.

ಸೂತ್ರ ಕೈಕೊಡುವ ಸಂದರ್ಭಗಳೂ ಇವೆ. ನಮ್ಮ ಲಿಂಕಿನಲ್ಲಿ 80 ಫ್ಲೋಗಳಿದ್ದರೆ ಬಫರ್ ತುಂಬಿದಾಗಲೂ ತಲಾ ವಿಂಡೋ 3ರ ಆಸುಪಾಸಿನಲ್ಲಿರುತ್ತದೆ. ನಷ್ಟವನ್ನು ಬೇಗ ತಿಳಿಸುವ ಮೂರು ನಕಲು ಆ್ಯಕ್‌ಗಳು ಬರಲು ಅಷ್ಟು ಪ್ಯಾಕೆಟ್‌ಗಳೇ ದಾರಿಯಲ್ಲಿರದ ಕಾರಣ ಫ್ಲೋಗಳು ಟೈಮ್‌ಔಟ್‌ಗೆ ಬೀಳುತ್ತವೆ, ಮತ್ತು ಲಿನಕ್ಸ್‌ನಲ್ಲಿ ಆ ಕಾಯುವಿಕೆ ಕನಿಷ್ಠ 200 ಮಿಲಿಸೆಕೆಂಡ್. ಆಗ ಟೈಮ್‌ಔಟ್‌ಗಳನ್ನೂ ಒಳಗೊಂಡ 1998ರ ವಿಸ್ತೃತ ಸೂತ್ರಕ್ಕೆ ಹೋಗಿ. ಕ್ಯೂಬಿಕ್‌ಗೆ ವರ್ಗಮೂಲದ ಬದಲು ನಷ್ಟದ ಮುಕ್ಕಾಲು ಘಾತ ಬರುತ್ತದೆ, ಆದರೆ ಚಿಕ್ಕ ಲಿಂಕುಗಳಲ್ಲಿ ಕ್ಯೂಬಿಕ್ ತಾನೇ ರೆನೋದಂತೆ ನಡೆದುಕೊಳ್ಳುವುದರಿಂದ ಯಾವ ವಲಯದಲ್ಲಿದ್ದೀರಿ ಎಂದು ತಿಳಿಯದೆ ಅದನ್ನು ಬಳಸಬಾರದು. ಬಿಬಿಆರ್ ಎಂಬ ಇನ್ನೊಂದು ಕ್ರಮಾವಳಿಯ ಮೊದಲ ಆವೃತ್ತಿ ನಷ್ಟವನ್ನು ಸಂಕೇತವಾಗಿ ನೋಡುವುದೇ ಇಲ್ಲ. ಅದಕ್ಕೆ ಈ ಕುಟುಂಬದ ಯಾವ ಸೂತ್ರವೂ ಅನ್ವಯಿಸದು.

ಹಂತ 6: ಹಲವು ಫ್ಲೋಗಳಿಗೆ ದ್ರವ ಮಾದರಿ ಬರೆಯಿರಿ

ಫ್ಲೋಗಳು ಹಲವಾಗಿ, ರೂಟರ್ ಬಫರ್ ತುಂಬುವ ಮೊದಲೇ ಪ್ಯಾಕೆಟ್‌ಗಳನ್ನು ಬೀಳಿಸುವಂಥದ್ದಾದರೆ ಬಿಡಿ ಪ್ಯಾಕೆಟ್‌ಗಳನ್ನು ಮರೆತು ಸರಾಸರಿ ಹರಿವಿಗೆ ಅವಕಲ ಸಮೀಕರಣ ಬರೆಯುವುದು ಸೂಕ್ತ. 2000ದಲ್ಲಿ ಮಿಶ್ರ, ಗಾಂಗ್ ಮತ್ತು ಟೌಸ್ಲಿ ಬರೆದ ಮಾದರಿಯಲ್ಲಿ ಎರಡೇ ಸಮೀಕರಣಗಳಿವೆ. ವಿಂಡೋದ ಬದಲಾವಣೆಯ ದರವು ಹೋಗಿ ಬರುವ ಸಮಯದ ವಿಲೋಮದಿಂದ ನಷ್ಟದ ಸುದ್ದಿ ಬರುವ ದರವನ್ನು ಅರ್ಧ ವಿಂಡೋದಿಂದ ಗುಣಿಸಿ ಕಳೆದಷ್ಟು. ಸರತಿಯ ಬದಲಾವಣೆಯ ದರವು ಎಲ್ಲ ಫ್ಲೋಗಳ ಒಟ್ಟು ವೇಗದಿಂದ ಲಿಂಕ್ ವೇಗವನ್ನು ಕಳೆದಷ್ಟು. ನಷ್ಟದ ಸುದ್ದಿ ಬರುವ ದರ ಈಗಿನದಲ್ಲ, ಒಂದು ಸುತ್ತಿನಷ್ಟು ಹಿಂದಿನ ವೇಗ ಮತ್ತು ಆಗಿನ ನಷ್ಟದ ಪ್ರಮಾಣದ ಗುಣಲಬ್ಧ. ಈ ವಿಳಂಬವನ್ನು ಬಿಟ್ಟರೆ ಸಮೀಕರಣ ಯಾವಾಗಲೂ ನೆಮ್ಮದಿಯಾಗಿ ನಿಲ್ಲುತ್ತದೆ, ನಿಜವಾದ ನೆಟ್‌ವರ್ಕ್ ನಿಲ್ಲುವುದಿಲ್ಲ.

ಮೊದಲು ಸಮತೋಲನ ಬಿಂದು ಕಂಡುಹಿಡಿಯಿರಿ. ಎರಡೂ ದರಗಳನ್ನು ಶೂನ್ಯವೆಂದು ಇಟ್ಟರೆ ನಷ್ಟದ ಪ್ರಮಾಣವು 2ನ್ನು ವಿಂಡೋದ ವರ್ಗದಿಂದ ಭಾಗಿಸಿದಷ್ಟು ಎಂದು ಬರುತ್ತದೆ. ಸರತಿ 50 ಪ್ಯಾಕೆಟ್ ದಾಟಿದ ಮೇಲೆ ಪ್ರತಿ ಪ್ಯಾಕೆಟ್‌ಗೆ 0.001ರಂತೆ ನಷ್ಟ ಏರುವ, ಸರತಿಯ ಸರಾಸರಿ ತೆಗೆಯದ ಸರಳ ರೆಡ್ (ಬಫರ್ ತುಂಬುವ ಮೊದಲೇ ಬೀಳಿಸುವ) ನಿಯಮವನ್ನು ನಾಲ್ಕು ಫ್ಲೋಗಳಿಗೆ ಹಾಕಿ. ಸರತಿ 52, ತಲಾ ವಿಂಡೋ 30, ಹೋಗಿ ಬರುವ ಸಮಯ 71 ಮಿಲಿಸೆಕೆಂಡ್, ನಷ್ಟ ಶೇ. 0.23 ಎಂದು ಸಿಗುತ್ತದೆ. ಈ ಕಾಗದದ ಮೇಲಿನ ಉತ್ತರ ಸುಂದರವಾಗಿದೆ, ಆದರೆ ನಿಮ್ಮ ಸಂಖ್ಯಾತ್ಮಕ ಪರಿಹಾರ ಅಲ್ಲಿ ನಿಲ್ಲದೆ ತೂಗಾಡುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಹುಡುಕುತ್ತ ಹಲವರು ಇಲ್ಲೇ ಸುಸ್ತಾಗುತ್ತಾರೆ.

ತಪ್ಪು ಪ್ರೋಗ್ರಾಮಿನಲ್ಲಿಲ್ಲ. ಸಮತೋಲನದ ಸುತ್ತ ಸಮೀಕರಣವನ್ನು ರೇಖೀಯಗೊಳಿಸಿದರೆ ಲೂಪಿನ ಬಲ (ಸರತಿಯ ಸಣ್ಣ ಬದಲಾವಣೆ ನಷ್ಟ ಮತ್ತು ವಿಂಡೋಗಳ ಮೂಲಕ ಸುತ್ತಿ ಬಂದಾಗ ಎಷ್ಟು ಪಟ್ಟಾಗುತ್ತದೆ ಎಂಬುದು), ದಾರಿಯಲ್ಲೂ ಸರತಿಯಲ್ಲೂ ಇರುವ ಒಟ್ಟು ಪ್ಯಾಕೆಟ್‌ಗಳ ಘನವನ್ನು ಫ್ಲೋಗಳ ಸಂಖ್ಯೆಯ ವರ್ಗದ ನಾಲ್ಕರಷ್ಟರಿಂದ ಭಾಗಿಸಿ, ರೆಡ್‌ನ ಇಳಿಜಾರಿನಿಂದ ಗುಣಿಸಿದಷ್ಟು ಬರುತ್ತದೆ. ನಮ್ಮ ಸಂಖ್ಯೆಗಳಿಗೆ ಅದು 26. ಬಲ 1ಕ್ಕೆ ಇಳಿಯುವ ಆವರ್ತನದಲ್ಲಿ ಒಟ್ಟು ಹಿನ್ನಡೆ (ಪ್ರತಿಕ್ರಿಯೆ ತಡವಾಗುವ ಕೋನ) ಸುಮಾರು 202 ಡಿಗ್ರಿ, ಅಂದರೆ 180 ದಾಟಿದೆ; ವ್ಯವಸ್ಥೆ ಅಸ್ಥಿರ. ಇಳಿಜಾರನ್ನು 0.0005ಕ್ಕೆ ಇಳಿಸಿದರೆ ಸರತಿ 54 ಪ್ಯಾಕೆಟ್‌ಗೆ ಏರುತ್ತದೆ ಅಷ್ಟೆ, ಆದರೆ ಹಿನ್ನಡೆ ಸುಮಾರು 163 ಡಿಗ್ರಿಗೆ ಇಳಿದು ತೂಗಾಟ ತಾನೇ ಅಡಗುತ್ತದೆ. ಘನ ಮತ್ತು ವರ್ಗಗಳು ಹೇಳುವುದನ್ನೂ ಗಮನಿಸಿ: ಹೋಗಿ ಬರುವ ಸಮಯ ಇಮ್ಮಡಿಯಾದರೆ ಲೂಪಿನ ಬಲ ಎಂಟು ಪಟ್ಟು, ಫ್ಲೋಗಳು ಅರ್ಧವಾದರೆ ನಾಲ್ಕು ಪಟ್ಟು. ಜನ ಕಡಿಮೆಯಿರುವ ಹೊತ್ತಿನಲ್ಲೇ ನಿಯಂತ್ರಣ ಹೆಚ್ಚು ಚಂಚಲವಾಗುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ ಲೆಕ್ಕ ಹೇಳುವುದು ಅದನ್ನೇ.

ಸಂಖ್ಯಾತ್ಮಕವಾಗಿ ಬಿಡಿಸುವಾಗ 1 ಮಿಲಿಸೆಕೆಂಡ್ ಹೆಜ್ಜೆಯ ಆಯ್ಲರ್ ವಿಧಾನ ಸಾಕು. ವಿಂಡೋ 1ಕ್ಕಿಂತ ಕೆಳಗೆ, ಸರತಿ ಶೂನ್ಯಕ್ಕಿಂತ ಕೆಳಗೆ ಅಥವಾ ಬಫರಿಗಿಂತ ಮೇಲೆ, ನಷ್ಟ 0 ಮತ್ತು 1ರ ಹೊರಗೆ ಹೋಗದಂತೆ ಪ್ರತಿ ಹೆಜ್ಜೆಯಲ್ಲೂ ತಡೆಯಿರಿ. ಹಿಂದಿನ ಬೆಲೆಗಳನ್ನು ಒಂದು ಅರೇಯಲ್ಲಿ ಉಳಿಸಿಕೊಳ್ಳಿ. ಹೋಗಿ ಬರುವ ಸಮಯ ಸರತಿಯೊಂದಿಗೆ ಬದಲಾಗುವುದರಿಂದ ಎಷ್ಟು ಹಿಂದಕ್ಕೆ ನೋಡಬೇಕೆಂಬುದೂ ಬದಲಾಗುತ್ತದೆ; ಅದನ್ನು ಸ್ಥಿರ ಸೂಚ್ಯಂಕವಾಗಿ ಬರೆದಿಡುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. ನಂತರ ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ. ನಕ್ಷೆ ಬದಲಾದರೆ ಹೆಜ್ಜೆ ದೊಡ್ಡದಾಗಿತ್ತು. ತೂಗಾಟ ಹಾಗೆಯೇ ಉಳಿದರೆ ಅದು ಮಾದರಿಯ ಮಾತು.

ಹಂತ 7: ಹೊರಗಿನ ಸಂಚಾರವನ್ನು ಸೆಷನ್ ಮಟ್ಟದಲ್ಲಿ ತನ್ನಿ

ಇಲ್ಲಿಯವರೆಗೆ ಫ್ಲೋಗಳ ಸಂಖ್ಯೆ ಸ್ಥಿರವಾಗಿತ್ತು. ನಿಜದಲ್ಲಿ ಬಳಕೆದಾರರು ಬಂದು, ಕಡತ ಇಳಿಸಿಕೊಂಡು ಹೋಗುತ್ತಾರೆ. ಒಂದನ್ನೊಂದು ಅವಲಂಬಿಸದ ಯಾದೃಚ್ಛಿಕ ಆಗಮನವನ್ನು, ಅಂದರೆ ಪಾಯ್ಸಾನ್ ಆಗಮನವನ್ನು ಬಳಸುವುದಾದರೆ ಇಲ್ಲಿ ಬಳಸಿ. ಬಳಕೆದಾರರು ಸೆಷನ್ ಆರಂಭಿಸುವುದಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಪ್ಯಾಕೆಟ್‌ಗಳಿಗೆ ಹೊಂದುವುದಿಲ್ಲ ಎಂದು ಪ್ಯಾಕ್ಸನ್ ಮತ್ತು ಫ್ಲಾಯ್ಡ್ 1995ರಲ್ಲೇ ತೋರಿಸಿದ್ದಾರೆ. ಅದಕ್ಕೂ ಹಿಂದಿನ ವರ್ಷ ಅಮೆರಿಕದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಈಥರ್ನೆಟ್ ಅಳತೆಗಳ ಅಧ್ಯಯನ, ಸಂಚಾರದ ಏರಿಳಿತ ಕಾಲದ ಹಲವು ಮಟ್ಟಗಳಲ್ಲಿ ಒಂದೇ ತೆರನಾಗಿ ಉಳಿಯುತ್ತದೆ ಎಂದು ತೋರಿಸಿತ್ತು.

ನಿಮ್ಮ ದತ್ತಾಂಶದಲ್ಲಿ ಇದನ್ನು ಪರೀಕ್ಷಿಸುವ ಕ್ರಮ ಸರಳ. 10 ಮಿಲಿಸೆಕೆಂಡಿನ ಕಿಟಕಿಗಳಲ್ಲಿ ಪ್ಯಾಕೆಟ್ ಎಣಿಸಿ, ನಂತರ ಹತ್ತು, ನೂರು, ಸಾವಿರ ಕಿಟಕಿಗಳ ಸರಾಸರಿ ತೆಗೆಯುತ್ತ ವೇರಿಯನ್ಸ್ ಎಷ್ಟು ಇಳಿಯುತ್ತದೆ ಎಂದು ಎರಡೂ ಅಕ್ಷಗಳು ಲಾಗ್ ಆಗಿರುವ ನಕ್ಷೆಯಲ್ಲಿ ಗುರುತಿಸಿ. ಪಾಯ್ಸಾನ್ ಆದರೆ ಇಳಿಜಾರು −1. ಅದು −0.4ರಂತೆ ಮಂದವಾಗಿದ್ದರೆ ಹರ್ಸ್ಟ್ ಸಂಖ್ಯೆ (ಏರಿಳಿತದ ಪ್ರಭಾವ ಎಷ್ಟು ದೀರ್ಘಕಾಲ ಉಳಿಯುತ್ತದೆ ಎಂಬುದರ ಅಳತೆ) 0.8, ಮತ್ತು ಪಾಯ್ಸಾನ್ ಆಧಾರದ ಬಫರ್ ಲೆಕ್ಕ ತೀರಾ ಆಶಾವಾದಿ.

ಕಡತಗಳ ಗಾತ್ರಕ್ಕೆ ಪರೇಟೊದಂಥ ಭಾರವಾದ ಬಾಲದ ವಿತರಣೆ ಬೇಕಾಗುತ್ತದೆ, ಅದರೊಂದಿಗೆ ಒಂದು ಬಲೆಯೂ ಬರುತ್ತದೆ. ಘಾತ 1.2 ಆದರೆ ಸರಾಸರಿ ಇದೆ, ವೇರಿಯನ್ಸ್ ಅನಂತ. ಸಿಮ್ಯುಲೇಶನ್‌ನ ಸರಾಸರಿಯ ತಪ್ಪನ್ನು ಅರ್ಧಕ್ಕೆ ಇಳಿಸಲು ಮಾಮೂಲಿನಂತೆ ನಾಲ್ಕು ಪಟ್ಟು ಅಲ್ಲ, 64 ಪಟ್ಟು ಸ್ಯಾಂಪಲ್‌ಗಳು ಬೇಕು. ಪ್ರತಿ ಓಟವೂ ಹೊಸ ಸರಾಸರಿ ಕೊಡುತ್ತಿದ್ದರೆ ಕಾರಣ ಬಹುಶಃ ಇದೇ. ಗಾತ್ರಕ್ಕೆ ವಾಸ್ತವಿಕ ಗರಿಷ್ಠ ಮಿತಿಯೊಂದನ್ನು ಹಾಕಿ, ಹಾಕಿದ್ದೇನೆಂದು ಬರೆಯಿರಿ.

ಡೌನ್‌ಲೋಡ್ ಸಮಯಕ್ಕೆ ಸಾಮರ್ಥ್ಯವನ್ನು ಸಮನಾಗಿ ಹಂಚುವ ಪ್ರೊಸೆಸರ್ ಶೇರಿಂಗ್ ಮಾದರಿ ಉತ್ತಮ ಆರಂಭ. ಅದರ ಸರಾಸರಿ ಉತ್ತರ ಕಡತ ಗಾತ್ರಗಳ ವಿತರಣೆಯನ್ನು ಅವಲಂಬಿಸುವುದಿಲ್ಲ. ಹೊರೆ 0.7 ಇರುವ ನಮ್ಮ ಲಿಂಕಿನಲ್ಲಿ 3 ಮೆಗಾಬೈಟ್ ಕಡತಕ್ಕೆ 4 ಸೆಕೆಂಡ್. ಆದರೆ 30 ಕಿಲೋಬೈಟ್ ಕಡತಕ್ಕೆ ಅದೇ ಸೂತ್ರ 40 ಮಿಲಿಸೆಕೆಂಡ್ ಎನ್ನುತ್ತದೆ, ನಿಜದಲ್ಲಿ ಲಿಂಕ್ ಖಾಲಿಯಿದ್ದರೂ 120 ಬೇಕು: ಸಂಪರ್ಕಕ್ಕೆ ಒಂದು ಸುತ್ತು, 10 ಪ್ಯಾಕೆಟ್‌ಗಳ ಆರಂಭಿಕ ವಿಂಡೋಗೆ ಒಂದು, ಉಳಿದ ಪ್ಯಾಕೆಟ್‌ಗಳಿಗೆ ಮತ್ತೊಂದು. ಚಿಕ್ಕ ಕಡತಗಳಿಗೆ ಸುತ್ತುಗಳನ್ನು ಎಣಿಸಿ.

ಹಂತ 8: ಹಲವು ಲಿಂಕುಗಳಿದ್ದರೆ

ಒಂದು ಉದ್ದ ಫ್ಲೋ ಎರಡು ಸಮ ಲಿಂಕುಗಳನ್ನು ದಾಟುತ್ತದೆ, ಪ್ರತಿ ಲಿಂಕಿನಲ್ಲೂ ಒಂದೊಂದು ಚಿಕ್ಕ ಫ್ಲೋ ಇದೆ ಎಂದುಕೊಳ್ಳಿ. ಅತಿ ಕಡಿಮೆ ಪಾಲನ್ನು ಆದಷ್ಟು ಹೆಚ್ಚಿಸುವ ಗರಿಷ್ಠ-ಕನಿಷ್ಠ ನ್ಯಾಯದಲ್ಲಿ ಉದ್ದದ್ದಕ್ಕೆ ಅರ್ಧ, ಪಾಲುಗಳ ಲಾಗರಿದಮ್‌ಗಳ ಮೊತ್ತವನ್ನು ಗರಿಷ್ಠಗೊಳಿಸುವ, ಗಣಿತಜ್ಞ ಕೆಲ್ಲಿಯವರ ಪ್ರಮಾಣಾನುಗುಣ ನ್ಯಾಯದಲ್ಲಿ ಮೂರನೇ ಒಂದು ಭಾಗ. ರೆನೋ ಬಗೆಯ ಉಪಯುಕ್ತತೆಯ ಲೆಕ್ಕದಲ್ಲಿ ಹೋಗಿ ಬರುವ ಸಮಯ ಸಮವಾಗಿದ್ದರೆ 0.41, ಉದ್ದದ್ದರ ಸಮಯ ಇಮ್ಮಡಿಯಾಗಿದ್ದರೆ 0.26. ಟಿಸಿಪಿ ಎಲ್ಲರಿಗೂ ಸಮಪಾಲು ಕೊಡುತ್ತದೆ ಎಂದು ಊಹಿಸಿ ಆರಂಭಿಸಿದ ಮಾದರಿ ಇಂಥ ಜಾಲದಲ್ಲಿ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಹಂತ 9: ಸಿಮ್ಯುಲೇಶನ್ ಮತ್ತು ತಾಳೆ

ಎನ್‌ಎಸ್-3ರ ಪೂರ್ವನಿಯೋಜಿತ ಬೆಲೆಗಳಲ್ಲಿ ಎರಡನ್ನು ಬದಲಿಸದಿದ್ದರೆ ಮೇಲಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಟಿಸಿಪಿ ಸೆಗ್ಮೆಂಟ್ ಗಾತ್ರ ಅಲ್ಲಿ 536 ಬೈಟ್, 1448ಕ್ಕೆ ಏರಿಸಿ. ಕಳುಹಿಸುವ ಮತ್ತು ಪಡೆಯುವ ಬಫರ್‌ಗಳು 131072 ಬೈಟ್, ಅಂದರೆ ಸುಮಾರು 90 ಪ್ಯಾಕೆಟ್. ನಮ್ಮ ವಿಂಡೋ 267ಕ್ಕೆ ಏರಬೇಕಾದ್ದರಿಂದ ಕೆಲವು ಮೆಗಾಬೈಟ್ ಕೊಡಿ. ಗರಗಸದ ಹಲ್ಲುಗಳೇ ಇಲ್ಲದೆ, ನಷ್ಟವೂ ಇಲ್ಲದೆ, ಸರತಿ 23 ಪ್ಯಾಕೆಟ್‌ಗಳ ಹತ್ತಿರ ಹಾಸುಗಲ್ಲಿನಂತೆ ಸಮತಟ್ಟಾಗಿದ್ದರೆ ವಿಂಡೋವನ್ನು ತಡೆಯುತ್ತಿರುವುದು ಈ ಬಫರ್‌ಗಳೇ ಹೊರತು ದಟ್ಟಣೆಯಲ್ಲ.

ಎಲ್ಲ ಫ್ಲೋಗಳಿಗೂ ಒಂದೇ ವಿಳಂಬ, ಒಂದೇ ಆರಂಭದ ಕ್ಷಣ ಕೊಡಬೇಡಿ. ತುಂಬಿದರೆ ಬೀಳಿಸುವ ಸರಳ ಸರತಿಯಲ್ಲಿ ಪ್ಯಾಕೆಟ್‌ಗಳು ತಾಳ ಹಿಡಿದಂತೆ ಬಂದು, ಪ್ರತಿ ಬಾರಿಯೂ ಒಂದೇ ಫ್ಲೋನ ಪ್ಯಾಕೆಟ್ ಬೀಳುತ್ತದೆ. ಒಂದು ಫ್ಲೋ ಸದಾ ಹಸಿದು ಇನ್ನೊಂದು ಸದಾ ಉಬ್ಬಿರುವುದು ಕಂಡರೆ ಅನ್ಯಾಯದ ಬಗ್ಗೆ ಅಧ್ಯಾಯ ಬರೆಯುವ ಮೊದಲು ವಿಳಂಬಕ್ಕೆ ಒಂದಿಷ್ಟು ಯಾದೃಚ್ಛಿಕತೆ ಸೇರಿಸಿ ನೋಡಿ. ಬೇರೆ ಬೇರೆ ಬೀಜಸಂಖ್ಯೆಗಳಿಂದ ಕನಿಷ್ಠ 10 ಓಟಗಳನ್ನು ಮಾಡಿ, ಪ್ರತಿಯೊಂದರ ಆರಂಭದ ಕೆಲವು ಹಲ್ಲುಗಳನ್ನು ಕತ್ತರಿಸಿ, ಓಟಗಳ ಸರಾಸರಿಗಳ ಮೇಲೆ ಶೇ. 95ರ ವಿಶ್ವಾಸ ವ್ಯಾಪ್ತಿ ಕಟ್ಟಿ. 10 ಓಟಗಳಿಗೆ ಟಿ-ಕೋಷ್ಟಕದ ಗುಣಕ 2.262. ಒಂದೇ ಓಟದೊಳಗಿನ ಸಾವಿರಾರು ಪ್ಯಾಕೆಟ್‌ಗಳ ವಿಳಂಬಗಳನ್ನು ಸ್ವತಂತ್ರ ಸ್ಯಾಂಪಲ್‌ಗಳೆಂದು ಎಣಿಸಿದರೆ ವ್ಯಾಪ್ತಿ ಕೂದಲೆಳೆಯಷ್ಟು ಕಿರಿದಾಗಿ ಕಂಡು ಮೋಸ ಮಾಡುತ್ತದೆ, ಏಕೆಂದರೆ ಅಕ್ಕಪಕ್ಕದ ಪ್ಯಾಕೆಟ್‌ಗಳು ಒಂದೇ ಸರತಿಯನ್ನು ಕಂಡಿರುತ್ತವೆ.

ಕೊನೆಗೆ, ಮಾದರಿಯನ್ನು ಹೊಂದಿಸಲು ಬಳಸಿದ ಲಿಂಕಿನ ಮೇಲೆಯೇ ಅದನ್ನು ಪರೀಕ್ಷಿಸಬೇಡಿ. 200 ಪ್ಯಾಕೆಟ್‌ಗಳ ಬಫರಿನಲ್ಲಿ ಎಲ್ಲ ಬೆಲೆಗಳನ್ನೂ ನಿಗದಿಪಡಿಸಿದ ಮೇಲೆ, ಬಫರನ್ನು 30ಕ್ಕೆ ಇಳಿಸಿದರೆ ಏನಾಗಬೇಕೆಂದು ಮೊದಲು ಬರೆದಿಡಿ. ಗರಿಷ್ಠ ವಿಂಡೋ 97, ಅರ್ಧ 48. ಅದು 67ಕ್ಕಿಂತ ಕಡಿಮೆಯಾದ್ದರಿಂದ ಪ್ರತಿ ನಷ್ಟದ ನಂತರ ಸರತಿ ಖಾಲಿಯಾಗಿ ಲಿಂಕ್ ಸ್ವಲ್ಪ ಹೊತ್ತು ಅರೆಬರೆ ಓಡಬೇಕು, ಮತ್ತು ವಿಂಡೋ 48ರಿಂದ 67ಕ್ಕೆ ಬರುವ ಸುಮಾರು 19 ಸುತ್ತುಗಳಷ್ಟು ಕಾಲ, ಅಂದರೆ ಮುಕ್ಕಾಲು ಸೆಕೆಂಡಿನಷ್ಟು, ಐಪರ್ಫ್3 ಪೂರ್ಣ ವೇಗ ತೋರಿಸಬಾರದು. ಆಮೇಲೆ ಟಿಬಿಎಫ್ ಮಿತಿಯನ್ನು 45420 ಬೈಟ್ ಮಾಡಿ, ಐಪರ್ಫ್3 ವರದಿಯ ಅಂತರವನ್ನು 0.1 ಸೆಕೆಂಡಿಗೆ ಇಳಿಸಿ ಓಡಿಸಿ.